ಬಿ450 ಬೋರ್ಡ್ ಉಳಿಸಿಕೊಂಡು 22,000 ರೂಪಾಯಿಯೊಳಗೆ ಡಿಟಿಪಿ ಕಂಪ್ಯೂಟರನ್ನು ಸುಧಾರಿಸಬಹುದೇ?

ಪ್ರಶ್ನೆ: ಮುದ್ರಣಮಿತ್ರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಡಿಟಿಪಿ ಕೇಂದ್ರವನ್ನು ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಶಾಲೆಗಳ ವಾರ್ಷಿಕ ಸಂಚಿಕೆ ನಮ್ಮ ಮುಖ್ಯ ಕೆಲಸ. ಈಚೆಗೆ ಗೃಹಪ್ರವೇಶ, ನಾಮಕರಣಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಂಥ ಒಂದೆರಡು ನಿಮಿಷದ ವಿಡಿಯೊ ಆಮಂತ್ರಣಗಳನ್ನೂ ಗ್ರಾಹಕರು ಕೇಳುತ್ತಿದ್ದಾರೆ.

ಕಂಪ್ಯೂಟರನ್ನು 2019ರಲ್ಲಿ ಜೋಡಿಸಿದ್ದು. ರೈಜನ್ 3 2200ಜಿ ಪ್ರೊಸೆಸರ್, ಎರಡು ರ್‍ಯಾಮ್ ಸ್ಲಾಟ್ ಇರುವ ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಡಿಡಿಆರ್4 2400 ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ, ಮೇಲೆ 450 ವಾಟ್ ಎಂದು ಬರೆದಿರುವ ವಿದ್ಯುತ್ ಪೂರೈಕೆ ಘಟಕ, ಅಂದರೆ ಎಸ್‌ಎಂಪಿಎಸ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ 10 ಇದೆ. ಕೋರೆಲ್‌ಡ್ರಾ ಮತ್ತು ಫೋಟೋಶಾಪ್‌ಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡರೆ ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗ್ರಾಹಕರು ಗಡಿಯಾರ ನೋಡತೊಡಗುತ್ತಾರೆ.

ಇಲ್ಲಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಹಳೆಯದಕ್ಕೆ ದುಡ್ಡು ಹಾಕುವುದು ವ್ಯರ್ಥ, ಹೊಸ ತಲೆಮಾರಿನ ಡಿಡಿಆರ್5 ರ್‍ಯಾಮ್ ಇರುವ ಹೊಸ ಸೆಟ್ ತೆಗೆದುಕೊಳ್ಳಿ ಎಂದು 42,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ನಾನು ಖರ್ಚು ಮಾಡಬಲ್ಲದ್ದು ಹೆಚ್ಚೆಂದರೆ 22,000. ಬೋರ್ಡ್ ಉಳಿಸಿಕೊಳ್ಳುವುದು ಜಾಣತನವೇ? ಹಾಗಿದ್ದರೆ ಮೊದಲು ಪ್ರೊಸೆಸರ್ ಬದಲಿಸಬೇಕೇ, ಗ್ರಾಫಿಕ್ಸ್ ಕಾರ್ಡ್ ಹಾಕಬೇಕೇ?

ಉತ್ತರ: ತುಂಗಾತೀರ

ಮಾನ್ಯರೇ, ತಾವು ಕೇಳಿರುವ ಎರಡರಲ್ಲಿ ಯಾವುದೂ ಮೊದಲು ಬೇಡ. ಕೆಲಸ ನಿಧಾನವಾದ ಹೊತ್ತಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗವನ್ನು ನೋಡಿ. ಪ್ರೊಸೆಸರ್ ಅರ್ಧಕ್ಕಿಂತ ಕಡಿಮೆ ದುಡಿಯುತ್ತಿದ್ದು ಡಿಸ್ಕ್ ಮಾತ್ರ 100%ರಲ್ಲಿ ನಿಂತಿದ್ದರೆ, ಹೊಸ ಪ್ರೊಸೆಸರ್ ಹಾಕಿದರೂ ಅದು ಅದೇ ಹಾರ್ಡ್ ಡಿಸ್ಕ್‌ಗಾಗಿ ಕಾಯುತ್ತ ಕೂರುತ್ತದೆ. ರ್‍ಯಾಮ್ ತುಂಬಿದಾಗ ವಿಂಡೋಸ್ ಉಳಿದ ಮಾಹಿತಿಯನ್ನು ಡಿಸ್ಕ್‌ಗೆ ಸಾಗಿಸುತ್ತದೆ. ಫೋಟೋಶಾಪ್ ಕೂಡ ತನ್ನ ತಾತ್ಕಾಲಿಕ ಸ್ಕ್ರ್ಯಾಚ್ ಫೈಲನ್ನು ಅಲ್ಲಿಯೇ ಇಡುತ್ತದೆ. ತಿರುಗುವ ತಟ್ಟೆಯ ಮೇಲೆ ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಹುಡುಕಿ ಓದುವಾಗ ಹಾರ್ಡ್ ಡಿಸ್ಕ್‌ನ ವೇಗ ಪಾತಾಳಕ್ಕಿಳಿಯುತ್ತದೆ. ತಾವು ವರ್ಣಿಸಿದ ತೊಂದರೆ ಬಹುತೇಕ ಇದೇ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳಿರಲಾರರು. 2200ಜಿಯೊಳಗಿನ ವೇಗಾ 8 ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ತಮ್ಮ 8 ಜಿಬಿಯಲ್ಲಿಯೇ ಪಾಲು ಕೇಳುತ್ತದೆ. ಅದೂ ಸಾಲದೆಂಬಂತೆ ಒಂದೇ ರ್‍ಯಾಮ್ ಇರುವುದರಿಂದ ಒಂದೇ ಚಾನೆಲ್ ತೆರೆದಿದೆ: 2400ರ ವೇಗದಲ್ಲಿ ಒಂದು ಚಾನೆಲ್‌ಗೆ ಸೆಕೆಂಡಿಗೆ 19.2 ಜಿಬಿ ಸಾಗುತ್ತದೆ, ಎರಡನೆಯ ಸ್ಲಾಟ್ ತುಂಬಿದರೆ 38.4 ಜಿಬಿ. ಇಷ್ಟು ದೊಡ್ಡ ಅಂತರ ಒಂದು ಖಾಲಿ ಸ್ಲಾಟ್‌ನಿಂದ ಆಗುತ್ತಿದೆ.

ಆದ್ದರಿಂದ ತಿರುಗುವ ತಟ್ಟೆಯಿಲ್ಲದ, ವೇಗದ 500 ಜಿಬಿ ಅಥವಾ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಮತ್ತು ಇನ್ನೊಂದು ರ್‍ಯಾಮ್, ಇವೆರಡೇ ಮೊದಲು. ಬಿ450 ಬೋರ್ಡಿನಲ್ಲಿ ಅದು ಕೂರುವ ಮುಖ್ಯ ಎಂ.2 ಸ್ಲಾಟ್ ಪಿಸಿಐಇ 3.0 ವೇಗದ್ದಾದ್ದರಿಂದ 4.0 ಅಥವಾ 5.0 ಎಸ್‌ಎಸ್‌ಡಿಗೆ ಹೆಚ್ಚಿನ ಬೆಲೆ ತೆರುವುದು ಬೇಡ. ಹಳೆಯ ಹಾರ್ಡ್ ಡಿಸ್ಕ್ ಹಿಂದಿನ ಕೆಲಸಗಳ ಕಡತಗಳಿಗೆ ಇರಲಿ. ಯಂತ್ರ, ಕಟ್ಟಡಗಳ ನಕ್ಷೆ ರಚಿಸುವ ಕ್ಯಾಡ್‌ಗಿಂತ ಹಗುರವಾದ ಈ ಕೆಲಸಕ್ಕೆ ಪ್ರೊಸೆಸರ್ ಬದಲಾವಣೆಯೇ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಹಾರ್ಡ್‌ವೇರ್ ಹವ್ಯಾಸಿ, ಉಡುಪಿ

ಮೇಲಿನವರ ಮಾತಿನಲ್ಲಿ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಒಪ್ಪಿಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ಮೈಕ್ರೋಸಾಫ್ಟ್‌ನ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ 2200ಜಿ ಇಲ್ಲ. ಗ್ರಾಹಕರ ಪೆನ್‌ಡ್ರೈವ್‌ಗಳು ದಿನವಿಡೀ ಬಂದುಹೋಗುವ ಕಂಪ್ಯೂಟರಿನಲ್ಲಿ ಸುರಕ್ಷತಾ ಅಪ್‌ಡೇಟ್ ಇಲ್ಲದೆ ವರ್ಷಗಟ್ಟಲೆ ಕುಳಿತಿರುವುದು ಸರಿಯಲ್ಲ. ಆದುದರಿಂದ ಪ್ರೊಸೆಸರ್ ಬದಲಿಸಬೇಕು, ಬೋರ್ಡ್ ಬದಲಿಸಬೇಕಾಗಿಲ್ಲ. ಈ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನ ದೊಡ್ಡ ಗುಣವೇ ಇದು: 2016ರಲ್ಲಿ ಬಂದ ಸಾಕೆಟ್‌ಗೆ 2020ರ ನಂತರದ ರೈಜನ್ 5000 ಸರಣಿಯೂ ಹೊಂದುತ್ತದೆ.

ಹೊಸ ಸೆಟ್‌ನ ವಿಷಯದಲ್ಲಿ ಒಂದು ಎಚ್ಚರಿಕೆ. 2025ರ ಕೊನೆಯ ತಿಂಗಳುಗಳಿಂದ ತಯಾರಕರು ತಮ್ಮ ಮೆಮೊರಿಯನ್ನು ಎಐ ಡೇಟಾ ಸೆಂಟರ್‌ಗಳತ್ತ ತಿರುಗಿಸಿದ್ದರಿಂದ ರ್‍ಯಾಮ್ ಬೆಲೆ ಏರಿತು. ಮೈಕ್ರಾನ್ ಕಂಪನಿಯು ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಗ್ರಾಹಕ ವ್ಯವಹಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಇಂಥ ಕಾಲದಲ್ಲಿ ಕೈಯಲ್ಲಿರುವ ಡಿಡಿಆರ್4 ರ್‍ಯಾಮನ್ನು ಮೂಲೆಗೆಸೆದು ಡಿಡಿಆರ್5 ಕೊಳ್ಳುವುದು ಬಡ್ಡಿ ಕಟ್ಟಿ ಸಾಲ ತಂದಂತೆ.

ಇನ್ನು ಎಸ್‌ಎಂಪಿಎಸ್. ಅದರ ಮೈಮೇಲಿನ ದೊಡ್ಡ ಅಕ್ಷರಗಳನ್ನು ನಂಬದೆ ಲೇಬಲ್‌ನಲ್ಲಿ +12 ವೋಲ್ಟ್ ಎಂಬಲ್ಲಿ ಎಷ್ಟು ಆಂಪಿಯರ್ ಇದೆ ಎಂದು ಓದಿರಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದುದೆಲ್ಲ ಬಹುಪಾಲು ಆ ಸಾಲಿನಿಂದಲೇ ಬರುತ್ತದೆ. 16 ಆಂಪಿಯರ್ ಎಂದಿದ್ದರೆ 192 ವಾಟ್ ಅಷ್ಟೇ. ಎಸ್‌ಎಂಪಿಎಸ್ ನೋಡದೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಪ್ರಶ್ನೆ ಕೇಳಿದವರು: ಮುದ್ರಣಮಿತ್ರ

ಇಬ್ಬರಿಗೂ ವಂದನೆಗಳು. ತಾವು ಹೇಳಿದಂತೆ ನೋಡಿದೆ. 8 ಜಿಬಿಯಲ್ಲಿ ಬಳಕೆಗೆ ಸಿಗುವುದು 5.9 ಜಿಬಿ ಮಾತ್ರ ಎಂದು ಟಾಸ್ಕ್ ಮ್ಯಾನೇಜರ್ ತೋರಿಸುತ್ತಿದೆ, ಡಿಸ್ಕ್ ಪದೇ ಪದೇ 100% ತಲುಪುತ್ತದೆ. ಎಸ್‌ಎಂಪಿಎಸ್ ಲೇಬಲ್‌ನಲ್ಲಿ +12 ವೋಲ್ಟ್‌ಗೆ 15 ಆಂಪಿಯರ್ ಎಂದಿದೆ. ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶವಾದ ಬಯಾಸ್‌ನ ದಿನಾಂಕ 2019. ಪ್ರೊಸೆಸರ್ ಬದಲಿಸುವುದಾದರೆ ರೈಜನ್ 5 5600 ಒಳ್ಳೆಯದೋ, 5600ಜಿ ಒಳ್ಳೆಯದೋ? ಜಿ ಇಲ್ಲದ್ದು ಹೆಚ್ಚು ವೇಗದ್ದೆಂದು ಎಲ್ಲರೂ ಹೇಳುತ್ತಾರೆ. ಕಡಿಮೆ ಬೆಲೆಯ ಆರ್‌ಎಕ್ಸ್ 6400 ಕಾರ್ಡ್ ಜೊತೆಗೆ ಅದನ್ನು ಹಾಕಿದರೆ ಹೇಗೆ?

ಉತ್ತರ: ಹಾರ್ಡ್‌ವೇರ್ ಹವ್ಯಾಸಿ, ಉಡುಪಿ

5600ಜಿ. ಜಿ ಇಲ್ಲದ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32 ಎಂಬಿ, ಜಿಯಲ್ಲಿ 16 ಎಂಬಿ. ಆಟ ಆಡುವವರಿಗೆ ಈ ವ್ಯತ್ಯಾಸ ಕಾಣುತ್ತದೆ, ಪುಟವಿನ್ಯಾಸ ಮಾಡುವವರಿಗೆ ಕಾಣುವುದು ಕಷ್ಟ. ಎರಡರಲ್ಲೂ 6 ಕೋರ್, 12 ಥ್ರೆಡ್, ಎರಡೂ 65 ವಾಟ್‌ನವು. ಆದರೆ 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲದ ಕಾರಣ ಕಾರ್ಡ್ ಇಲ್ಲದೆ ಪರದೆಯೇ ಬೆಳಗುವುದಿಲ್ಲ.

ಆರ್‌ಎಕ್ಸ್ 6400 ತಮ್ಮ ಕೆಲಸಕ್ಕೆ ಖಂಡಿತ ಬೇಡ. ವಿಡಿಯೊ ಸಿದ್ಧವಾದ ಮೇಲೆ ಎಕ್ಸ್‌ಪೋರ್ಟ್ ಮಾಡುವಾಗ ನೆರವಾಗುವ ಎನ್‌ಕೋಡರ್ ಆ ಕಾರ್ಡ್‌ನಲ್ಲಿಯೇ ಇಲ್ಲ. 5600ಜಿಯೊಳಗಿನ ವೇಗಾ 7ರಲ್ಲಿ ಎಚ್.264 ಮತ್ತು ಎಚ್.265 ಎಂಬ ಎರಡು ವಿಡಿಯೊ ರೂಪಗಳಿಗೂ ಅದು ಇದೆ. ದುಡ್ಡು ಕೊಟ್ಟು ಇದ್ದ ಸೌಲಭ್ಯವನ್ನು ಕಳೆದುಕೊಂಡಂತಾಗುತ್ತದೆ. ಮುಂದೆ ವಿಡಿಯೊ ಕೆಲಸ ನಿಜವಾಗಿಯೂ ಹೆಚ್ಚಾದರೆ, ಬೇರೆ ವಿದ್ಯುತ್ ತಂತಿ ಕೇಳದ 6 ಜಿಬಿಯ ಆರ್‌ಟಿಎಕ್ಸ್ 3050ಯಂಥದನ್ನು ಆಗ ಯೋಚಿಸಬಹುದು.

15 ಆಂಪಿಯರ್ ಎಂದರೆ 180 ವಾಟ್. 5600ಜಿ ಒಂದಕ್ಕೇ ಆದರೆ ಲೆಕ್ಕದ ಪ್ರಕಾರ ಸಾಕು, ಆದರೆ ಇಷ್ಟು ವರ್ಷ ದುಡಿದ ಅಗ್ಗದ ಎಸ್‌ಎಂಪಿಎಸ್ ಮೇಲೆ ಹೊಸ ಭಾಗಗಳ ಹೊಣೆ ಹೊರಿಸಲು ನಾನಂತೂ ಒಪ್ಪುವುದಿಲ್ಲ. ವಿದ್ಯುತ್ ದಕ್ಷತೆಯಲ್ಲಿ 80 ಪ್ಲಸ್ ಬ್ರಾಂಜ್ ದರ್ಜೆಯ 450 ವಾಟ್‌ನದನ್ನು ಇದೇ ಹಣದಲ್ಲಿ ಸೇರಿಸಿಕೊಳ್ಳಿ.

ಉತ್ತರ: ತುಂಗಾತೀರ

ವಿಂಡೋಸ್ ವಿಚಾರದಲ್ಲಿ ಉಡುಪಿಯವರ ವಾದ ಸರಿಯಿದೆ, ಪ್ರೊಸೆಸರ್ ಬದಲಾಗಲಿ. ಆದರೆ ಕ್ರಮ ತಪ್ಪಬಾರದು. 2019ರ ಬಯಾಸ್‌ಗೆ 2021ರಲ್ಲಿ ಬಂದ 5600ಜಿಯ ಗುರುತೇ ಸಿಗದು. ಮೊದಲೇ ಅದನ್ನು ಕೂರಿಸಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. 2200ಜಿ ಇದ್ದಾಗಲೇ ಬೋರ್ಡ್ ತಯಾರಕರ ಪುಟದಲ್ಲಿ ತಮ್ಮ ಬೋರ್ಡಿನ ನಿಖರ ಮಾದರಿ ಮತ್ತು ರಿವಿಷನ್ ಹುಡುಕಿ, ಪ್ರೊಸೆಸರ್ ಪಟ್ಟಿಯಲ್ಲಿ 5600ಜಿಗೆ ಯಾವ ಬಯಾಸ್ ಬೇಕೆಂದು ನೋಡಿ, ನಡುವಿನ ಯಾವುದಾದರೂ ಆವೃತ್ತಿಯನ್ನು ಮೊದಲು ಹಾಕಬೇಕೆಂಬ ಸೂಚನೆ ಇದ್ದರೆ ಅದನ್ನು ಪಾಲಿಸಿ, ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಕೈಬಿಟ್ಟಂತೆಯೇ.

ಹಳೆಯ ಪ್ರೊಸೆಸರ್ ತೆಗೆಯುವಾಗಲೂ ಅವಸರ ಸಲ್ಲದು. ಎಎಂ4 ಪ್ರೊಸೆಸರಿನ ಅಡಿಯಲ್ಲಿ ಪಿನ್‌ಗಳಿರುತ್ತವೆ. ಥರ್ಮಲ್ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ಕೂಲರನ್ನು ನೇರ ಮೇಲಕ್ಕೆ ಎಳೆದಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ಸ್ವಲ್ಪ ಹೊತ್ತು ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಬಳಿಕ ಆಫ್ ಮಾಡಿ, ತಂತಿ ಕಳಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ ಬಿಡಿಸಿರಿ.

ಹೊಸ ಪ್ರೊಸೆಸರ್ ಹಾಕಿ ಆನ್ ಮಾಡಿದಾಗ ಎಫ್‌ಟಿಪಿಎಂ (ಸುರಕ್ಷತಾ ಕೀಗಳನ್ನು ಇಡುವ ಭಾಗ) ಅನ್ನು ರೀಸೆಟ್ ಮಾಡಬೇಕೇ ಎಂದು ಪರದೆಯ ಮೇಲೆ ಕೇಳುವುದುಂಟು. ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದು ರಿಕವರಿ ಕೀ ಬರೆದಿಟ್ಟುಕೊಂಡಿಲ್ಲದಿದ್ದರೆ ಆ ಡಿಸ್ಕ್ ತೆರೆಯುವ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲೇ ಅದನ್ನು ಪರೀಕ್ಷಿಸಿ. ವಿಂಡೋಸ್ 11ಕ್ಕೆ ಕಂಪ್ಯೂಟರ್ ಆರಂಭವಾಗುವ ಹಳೆಯ ಲೆಗಸಿ ಬೂಟ್ ವಿಧಾನ ಆಗದು, ಹೊಸ ಯುಇಎಫ್‌ಐ ಬೇಕು. ಹೇಗೂ ಹೊಸ ಎಸ್‌ಎಸ್‌ಡಿ ಬರುತ್ತಿರುವುದರಿಂದ ಅದರಲ್ಲಿ ಹೊಸದಾಗಿಯೇ ಇನ್‌ಸ್ಟಾಲ್ ಮಾಡುವುದು ಸುಲಭ. ಬೋರ್ಡ್ ಅದೇ ಇರುವುದರಿಂದ ವಿಂಡೋಸ್ ಲೈಸೆನ್ಸ್‌ಗೂ ಸಾಮಾನ್ಯವಾಗಿ ತೊಡಕಾಗುವುದಿಲ್ಲ. ಅಂಗಡಿಯ 42,000ದ ಅಂದಾಜಿನಲ್ಲಿ ಹೊಸ ಬೋರ್ಡಿಗೆ ಬೇಕಾಗಬಹುದಾದ ಲೈಸೆನ್ಸ್‌ನ ಖರ್ಚು ಸೇರಿತ್ತೇ ಎಂದು ಕೇಳಿ ನೋಡಿ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಳ್ಳುವುದಾದರೆ, ಬೆಲೆ ಕಡಿಮೆಯೆಂದು ಡಬ್ಬಿಯಿಲ್ಲದ ಟ್ರೇ ಪ್ರೊಸೆಸರ್ ತೋರಿಸಬಹುದು. ಅದರ ಜೊತೆ ಕೂಲರ್ ಬರುವುದಿಲ್ಲ, ವಾರಂಟಿಯೂ ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ. ಸೀಲ್ ಇರುವ ಡಬ್ಬಿಯನ್ನೇ ಜಿಎಸ್‌ಟಿ ಬಿಲ್ ಸಮೇತ ತೆಗೆದುಕೊಳ್ಳಿ.

ಉತ್ತರ: ಅಕ್ಷರಜೋಡಣೆ, ಗದಗ

ಡಿಟಿಪಿಯವರಾದ್ದರಿಂದ ಒಂದೇ ಮಾತು ಸೇರಿಸುತ್ತೇನೆ. ತಮ್ಮ ಕನ್ನಡ ಲಿಪಿ ತಂತ್ರಾಂಶಕ್ಕೆ ಅನಧಿಕೃತ ಬಳಕೆ ತಡೆಯಲು ಕಂಪ್ಯೂಟರಿಗೆ ಚುಚ್ಚುವ ಹಾರ್ಡ್‌ವೇರ್ ಲಾಕ್ ಇದ್ದರೆ, ಆ ಲಾಕ್‌ನ ಡ್ರೈವರ್ ವಿಂಡೋಸ್ 11ರಲ್ಲಿ ನಡೆಯುತ್ತದೆಯೇ ಎಂದು ಮಾರಾಟಗಾರರಿಂದ ತಿಳಿದುಕೊಂಡೇ ಮುಂದುವರಿಯಿರಿ. ಪುಟವಿನ್ಯಾಸಕ್ಕೆ ಇನ್ನೂ ಹಳೆಯ ಪೇಜ್‌ಮೇಕರ್ ತಂತ್ರಾಂಶವನ್ನೇ ಬಳಸುತ್ತಿದ್ದರೆ ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ; ಆರು ಕೋರ್ ಕೊಟ್ಟರೂ ಅದಕ್ಕೆ ಹೆಚ್ಚೇನೂ ಬೇಕಿಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಕೆಲವು ತಿಂಗಳು ಹಾಗೆಯೇ ಇಟ್ಟುಕೊಂಡರೆ, ಹಳೆಯ ಕಡತವೊಂದು ಹೊಸ ವ್ಯವಸ್ಥೆಯಲ್ಲಿ ತೆರೆಯದಿದ್ದಾಗ ಬಯಾಸ್‌ನಲ್ಲಿ ಆ ಡಿಸ್ಕನ್ನು ಆಯ್ಕೆ ಮಾಡಿ ಅದರಿಂದಲೇ ಬೂಟ್ ಮಾಡಲು ಪ್ರಯತ್ನಿಸಬಹುದು.