ವೆಜಿಮೈಟ್ ತಿಂದ ಮಂಗ

ಮೆಲ್ಬರ್ನ್‌ನಿಂದ ಬರೋ ಗಿರಿ ಚಾಕ್ಲೇಟ್ ತರ್ತಾನೆ ಅಂತ ಎಲ್ಲರೂ ಸೀನನ ಮನೇಲಿ ಕಾಯ್ತಾ ಕೂತಿದ್ರೆ, ಅವನು ಬ್ಯಾಗಿಂದ ತೆಗೆದಿದ್ದು ಹಳದಿ ಮುಚ್ಚಳದ ಒಂದು ಬಾಟ್ಲು, ಒಳಗೆ ನೋಡಿದ್ರೆ ಬೇರಿಂಗಿಗೆ ಹಾಕೋ ಗ್ರೀಸ್ ಥರ ಕಪ್ಪಗೆ. ವೆಜಿಮೈಟ್ ಅಂತೆ. ಸೀನ ಮೊದಲೇ ಆತುರಗಾರ, ಜಾಮ್ ಅಂದ್ಕೊಂಡು ಒಂದು ಸ್ಪೂನ್ ಪೂರ್ತಿ ಬಾಯಿಗೆ ಹಾಕ್ಕೊಂಡ. ಇಂಗು ತಿಂದ ಮಂಗ ಅಂತ ಚಿಕ್ಕಂದಿನಿಂದ ಕೇಳ್ತಾ ಬಂದಿದ್ದೆ, ಅವತ್ತು ಕಣ್ಣಾರೆ ನೋಡ್ದೆ.

"ಲೇ, ಹಂಗೆ ತಿನ್ನಲ್ಲ ಕಣೋ! ಟೋಸ್ಟಿಗೆ ಬೆಣ್ಣೆ ದಂಡಿಯಾಗಿ ಸವರಿ, ಅದರ ಮೇಲೆ ಇದನ್ನ ಸುಮ್ನೆ ತೋರಿಸ್ದಂಗೆ ಮಾಡ್ಬೇಕು."

"ತೋರ್ಸೋದಾಗಿದ್ರೆ ಮುಚ್ಚಳ ಹಾಕ್ಕೊಂಡೇ ತೋರಿಸ್ಬಹುದಿತ್ತಲ್ಲ," ಅಂದ ಸೀನ, ಮೂರನೇ ಲೋಟ ನೀರು ಕುಡೀತಾ. "ಏನ್ರಲ್ಲಿ ಮಾಡ್ತಾರೋ ಇದನ್ನ?"

"ಬಿಯರ್ ಮಾಡಿದ್ಮೇಲೆ ತಳದಲ್ಲಿ ಉಳಿಯೋ ಯೀಸ್ಟಲ್ಲಿ."

ಮಂಗಳೂರಿನ ಪ್ರದೀಪ ಎದ್ದು ಕೂತ. "ಎಂತ ಮಾರಾಯ, ಬಿಯರ್ ಅವರಿಗೆ, ಗಸಿ ನಮಗಾ? ನಮ್ಮಲ್ಲಿ ಗಸಿ ಅಂದ್ರೆ ಕೋಳಿದು ಗೊತ್ತುಂಟಾ?"

ಗಿರಿಗೆ ರೋಷ ಬಂತು. ಇದಕ್ಕೂ ಹಿಸ್ಟರಿ ಇದೆ ಕಣ್ರೋ ಅಂತ ಶುರು ಹಚ್ಕೊಂಡ. ಮೊದಲು ಬಂದಿದ್ದು ಇಂಗ್ಲೆಂಡಿನ ಮಾರ್ಮೈಟು, 1902ರಲ್ಲಿ, ಬರ್ಟನ್ ಅನ್ನೋ ಊರಲ್ಲಿ, ಅಲ್ಲಿ ಬಿಯರ್ ಕಾರ್ಖಾನೆಗಳು ಜಾಸ್ತಿ ಆದ್ರಿಂದ ಯೀಸ್ಟಿಗೆ ಬರ ಇರ್ಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾಕ್ಕೆ ಅದರ ಸಪ್ಲೈ ಕೆಟ್ಟೋಯ್ತು, ಆಮೇಲೆ ಫ್ರೆಡ್ ವಾಕರ್ ಅನ್ನೋನು ಕ್ಯಾಲಿಸ್ಟರ್ ಅನ್ನೋ ಕೆಮಿಸ್ಟ್ ಕೈಲಿ ನಮ್ದೇ ಒಂದು ಮಾಡಪ್ಪಾ ಅಂತ ಮಾಡಿಸಿ 1923ರಲ್ಲಿ ಅಂಗಡಿಗಿಟ್ಟ, ಜನ ಮೂಸಿ ನೋಡಿ ಮುಂದೆ ಹೋದ್ರು. 1928ರಲ್ಲಿ ಹೆಸರನ್ನೇ ಪಾರ್ವಿಲ್ ಅಂತ ಬದಲಾಯಿಸಿದ. ಮಾ ಮೈಟ್, ಪಾ ವಿಲ್! ಅಂದ್ರೆ ಅಮ್ಮ ತಿಂದ್ರೂ ತಿನ್ಬಹುದು, ಅಪ್ಪ ತಿಂದೇ ತಿಂತಾನೆ.

ನಾವ್ಯಾರೂ ನಗಲಿಲ್ಲ. ಅಲ್ಲೂ ಯಾರೂ ನಗಲಿಲ್ಲ ಅನ್ಸತ್ತೆ, 1935ಕ್ಕೆ ಹಳೇ ಹೆಸರಿಗೇ ವಾಪಸ್.

"ಮಾರ್ಮೈಟಾ? ಅದು ನಮ್ಮ ದೇಶಕ್ಕೂ ಉಪಕಾರ ಮಾಡಿದೆ," ಅಂದ್ಲು ಲ್ಯಾಬಲ್ಲಿ ಕೆಲಸ ಮಾಡೋ ಪಮ್ಮಿ. ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ಡಾಕ್ಟರಮ್ಮ 1928ರಲ್ಲಿ ಬಾಂಬೆಗೆ ಬಂದು, ಅಲ್ಲಿ ಬಟ್ಟೆ ಮಿಲ್ಲಿನ ಬಸುರಿ ಹೆಂಗಸರಿಗೆ ಯಾಕಿಷ್ಟು ರಕ್ತಹೀನತೆ ಅಂತ ಹುಡುಕ್ತಾ ಹುಡುಕ್ತಾ, ಅಗ್ಗದ ಮಾರ್ಮೈಟ್ ಕೊಟ್ಟು ನೋಡಿದ್ರೆ ಚೇತರಿಸ್ಕೊಂಡ್ರಂತೆ. ಅದರೊಳಗೆ ಇದ್ದಿದ್ದು ಫೋಲಿಕ್ ಆಸಿಡ್ ಅಂತ ಆಮೇಲೆ ಗೊತ್ತಾಗಿದ್ದು. "ಮಂಗಗಳಿಗೂ ತಿನ್ಸಿ ನೋಡಿದ್ರು ಅವರು."

ಎಲ್ಲರೂ ಒಟ್ಟಿಗೇ ಸೀನನ ಕಡೆ ತಿರುಗಿದ್ವಿ.

"ನಗ್ರಪ್ಪ ನಗ್ರಿ. ವಾಸನೆ ಪದಾರ್ಥ ತಿನ್ನೋದು ಆ ಫಾರಿನ್ನವರೇ, ನಾವಲ್ಲ."

"ಹೌದಾ?" ಗಿರಿ ಸಿಕ್ಕಿದ ಚಾನ್ಸ್ ಬಿಡ್ಲಿಲ್ಲ. ಮೆಲ್ಬರ್ನಿಗೆ ಹೋದ ಹೊಸ್ತರಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಹಾಕಿದ್ನಂತೆ, ಪಕ್ಕದ ಫ್ಲ್ಯಾಟಿನವನು ಬಂದು ಗ್ಯಾಸ್ ಲೀಕ್ ಆಗ್ತಿದೆಯಾ ಅಂತ ಬಾಗಿಲು ಬಡಿದ್ನಂತೆ. ಪಾಪ ಅವನ ತಪ್ಪಿಲ್ಲ, ಲೀಕಾದ್ರೆ ಗೊತ್ತಾಗ್ಲಿ ಅಂತ ಗ್ಯಾಸಿಗೆ ಬೆರೆಸೋದೂ ಗಂಧಕದ ವಾಸನೇನೇ, ಇಂಗಲ್ಲಿರೋದೂ ಗಂಧಕಾನೇ. ಜರ್ಮನ್ನರಂತೂ ಇಂಗಿಗೆ ಸೈತಾನನ ಹೇಲು ಅಂತಲೇ ಹೆಸರಿಟ್ಟಿದಾರೆ.

ಸೀನನಿಗೆ ಇಂಗಿನ ಬಗ್ಗೆ ಅಂದಿದ್ದು ಅಮ್ಮನ ಬಗ್ಗೆ ಅಂದಂಗಾಯ್ತು. "ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ ನಮ್ಮೂರಲ್ಲಿ!"

"ನಿಮ್ಮೂರಲ್ಲಿ ಒಂದು ಗಿಡಾನಾದ್ರೂ ಬೆಳೀತಾರಾ?" ಅಂದ್ಲು ಪಮ್ಮಿ. ಅದು ಅಫ್ಘಾನಿಸ್ತಾನ ಇರಾನ್ ಕಡೆ ಗಿಡದ ಬೇರು ಕೊಯ್ದು ಇಳಿಸೋ ಅಂಟು, ನಮ್ ಡಬ್ಬಿಗೆ ಬರೋ ಹೊತ್ತಿಗೆ ಹಿಟ್ಟು, ಗೋಂದು ಸೇರಿರತ್ತೆ, ಹಿಮಾಚಲದ ಲಾಹೌಲ್ ಕಣಿವೇಲಿ ಸರ್ಕಾರದ ವಿಜ್ಞಾನಿಗಳು ಸಸಿ ನೆಟ್ಟಿದ್ದೇ 2020ರಲ್ಲಿ. ಸೀನನಿಗೆ ಇದು ವೆಜಿಮೈಟಿಗಿಂತ ದೊಡ್ಡ ಶಾಕು.

ಪ್ರದೀಪ ಮಾತ್ರ ತಣ್ಣಗೆ, "ನೀವು ಮಳೆಗಾಲಕ್ಕೆ ನಮ್ಮ ಮನೆಗೆ ಬನ್ನಿ, ಭರಣಿಯಿಂದ ಹಲಸಿನಕಾಯಿ ಉಪ್ಪು ಸೊಳೆ ತೆಗೆಯುವಾಗ. ಮತ್ತೆ ಇದೆಲ್ಲ ಸೆಂಟಿನ ಹಾಗೆ ಕಾಣ್ತದೆ."

ಅಷ್ಟೊತ್ತಿಗೆ ಊಟಕ್ಕೆ ಕರೆದ್ರು. ಸೀನ ಎರಡು ಸಲ ಸಾರು ಹಾಕಿಸ್ಕೊಂಡು, "ಅಮ್ಮಾ, ಇವತ್ತು ಏನೋ ವಿಶೇಷವಾಗಿದೆ, ಇಂಗು ಬೇರೆ ತಂದ್ಯಾ?" ಅಂದ.

"ಇಲ್ವಲ್ಲೋ, ಉಪ್ಪು ಕಡ್ಮೆ ಆಗಿತ್ತು, ಗಿರಿ ತಂದಿದ್ನಲ್ಲ, ಆ ಕಪ್ಪು ಗೊಜ್ಜು, ಅದನ್ನೇ ಒಂದು ಚಮಚ ಕದಡಿದೆ."