ಸಹಾಯ ಬೇಕು: ಹಳದಿ ಪ್ಯಾಕೆಟ್ಟಿಗೇ ವಾಪಸ್ ಹೋಗಲಾ?

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್‌ನಲ್ಲಿ ಮನೆಯಿಂದಲೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಮಾರುತ್ತೇನೆ. ನಾಲ್ಕು ವರ್ಷದಲ್ಲಿ ಮೂರು ಸಲ ಲೇಬಲ್ ಬದಲಿಸಿದೆ. ಡಿಸೈನ್ ಮಾಡುವ ಹುಡುಗ ಪ್ರತಿ ಸಲ "ಈಗ ಇದೇ ಟ್ರೆಂಡ್" ಅಂದ, ನಾನೂ ಹೂಂ ಅಂದೆ.

ಹೋದ ವಾರ ಅಂಗಡಿಯಲ್ಲಿ ಹಳೇ ಗಿರಾಕಿ, ಧಾರವಾಡದ ಅಜ್ಜಿಯೊಬ್ಬರು, ನನ್ನ ಹೊಸ ಪ್ಯಾಕೆಟ್ ಪಕ್ಕಕ್ಕೆ ಸರಿಸಿ, "ಇದು ಬ್ಯಾಡ್ರಿ, ಆ ಹಳದಿದು ಕೊಡ್ರಿ" ಅಂದರು. ಎರಡೂ ನನ್ನವೇ, ಹಳದಿ ನನ್ನದೇ ಹಳೇ ಲೇಬಲ್! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೆ ಸ್ವಲ್ಪ ಓದಿದೆ. ಪದೇ ಪದೇ ಕಂಡದ್ದು ಸುಮ್ನೆ ಕಂಡ ಕಾರಣಕ್ಕೇ ಇಷ್ಟವಾಗುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯೆನ್ಸ್ 1968ರಲ್ಲೇ ತೋರಿಸಿದ್ದಾರೆ. ಅಂದರೆ ಲೇಬಲ್ ಬದಲಿಸಿದಾಗೆಲ್ಲ ಆ ಗುರುತನ್ನು ನಾನೇ ಅಳಿಸಿದೆ, ಅಲ್ವಾ? ಆದರೆ ಗುಂಪಿನಲ್ಲಿ ಬೇರೆಯಾಗಿ ಕಾಣುವುದು ಜಾಸ್ತಿ ನೆನಪಿರುತ್ತದೆ ಎಂದು 1933ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಬರೆದಿದ್ದಾರೆ. ಆ ಅಂಗಡಿಯ ಕಪಾಟಿನಲ್ಲೋ ಅರ್ಧ ಪ್ಯಾಕೆಟ್‌ಗಳು ಹಳದಿಯೇ!

ಹಳದಿ ಇಟ್ಟುಕೊಂಡು, ಬೇರೆಯಾಗಿ ಕಾಣಲು ಇಳಕಲ್ ಸೀರೆಯ ಕೆಂಪು ಅಂಚಿನಂಥದ್ದು ಸೇರಿಸಲಾ? ಇಲ್ಲ, ಹೊಸ ಲೇಬಲ್ಲಿಗೇ ಇನ್ನೆರಡು ವರ್ಷ ಅಂಟಿಕೊಳ್ಳಲಾ? ಸಣ್ಣ ವ್ಯಾಪಾರ ಮಾಡಿ ಅನುಭವ ಇದ್ದವರು ದಯವಿಟ್ಟು ಹೇಳಿ. ದೀಪಾವಳಿ ಆರ್ಡರ್‌ಗೆ ಮುಂಚೆ ಸಾವಿರ ಲೇಬಲ್ ಪ್ರಿಂಟ್ ಹಾಕಿಸಬೇಕು.