'ಶೋರ್ ಪವರ್'ಗೆ ಕನ್ನಡದಲ್ಲಿ ಏನೆನ್ನೋಣ? ಬಂದರಿಗೆ 'ವಿದ್ಯುದೀಕರಣ' ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಂಟೇನರ್ ಬಂದರುಗಳಲ್ಲಿ ಇಂಗಾಲದ ಹೊರಸೂಸುವಿಕೆ ತಗ್ಗಿಸುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದೆರಡು ಪದಗಳ ಹತ್ತಿರ ಪೆನ್ನು ನಿಂತಿದೆ. ಬಲ್ಲವರು ಸಲಹೆ ಕೊಡಿ.

ಮುಖ್ಯವಾಗಿ 'ಶೋರ್ ಪವರ್'. ಹಡಗು ಕಟ್ಟೆಗೆ ಬಂದು ನಿಂತರೆ ಮುಖ್ಯ ಎಂಜಿನ್ ನಿಲ್ಲುತ್ತದೆ, ನಿಜ. ಆದರೆ ದೀಪ, ಪಂಪು, ಅಡುಗೆಮನೆ, ತಂಪು ಕಂಟೇನರ್ ಎಲ್ಲಕ್ಕೂ ಕರೆಂಟು ಬೇಕಲ್ಲ? ಅದಕ್ಕಾಗಿ ಸಹಾಯಕ ಎಂಜಿನ್‌ಗಳು ಹೊಗೆ ಕಾರುತ್ತಲೇ ಇರುತ್ತವೆ. ಅವನ್ನೂ ಆರಿಸಿ, ದಡದಿಂದ ಕೇಬಲ್ ಎಳೆದು ಹಡಗಿಗೆ ಕರೆಂಟು ಕೊಡುವ ಏರ್ಪಾಡು ಇದು. ದೊಡ್ಡ ಕಂಟೇನರ್ ಹಡಗಿಗಾದರೆ ಸಾಮಾನ್ಯವಾಗಿ 6.6 ಕಿಲೋವೋಲ್ಟ್. ಹಡಗಿನೊಳಗಿನ ಕರೆಂಟು ಬಹುಮಟ್ಟಿಗೆ 60 ಹರ್ಟ್ಸ್. ದಡದ ಗ್ರಿಡ್ 50 ಹರ್ಟ್ಸ್ ಆಗಿದ್ದರೆ ನಡುವೆ ಆವರ್ತನ ಪರಿವರ್ತಕ ಕೂರಿಸಬೇಕು. ಲಾಸ್ ಏಂಜಲೀಸ್ ಬಂದರಿನ ಕಂಟೇನರ್ ಟರ್ಮಿನಲ್‌ನಲ್ಲಿ ಇದು 2004ರಲ್ಲೇ ಬಂತು. ಯುರೋಪಿಯನ್ ಒಕ್ಕೂಟದ ಪ್ರಮುಖ ಬಂದರುಗಳಲ್ಲಿ ನಿಲ್ಲುವ ದೊಡ್ಡ ಕಂಟೇನರ್ ಮತ್ತು ಪ್ರಯಾಣಿಕ ಹಡಗುಗಳಿಗೆ 2030ರಿಂದ ಕಡ್ಡಾಯ. ಹಾಗಾಗಿ ಈ ಪದ ಇನ್ನು ಪದೇ ಪದೇ ಬರುವಂಥದ್ದೇ.

'ತೀರವಿದ್ಯುತ್' ಎಂದು ಬರೆದು ನೋಡಿದೆ. ಒಪ್ಪಲಿಲ್ಲ. ಜಲವಿದ್ಯುತ್, ಸೌರವಿದ್ಯುತ್, ಪವನವಿದ್ಯುತ್ ಇವುಗಳಲ್ಲೆಲ್ಲ ಪೂರ್ವಪದವೇ ಕರೆಂಟಿನ ಮೂಲ. ಆ ರೂಢಿಯಲ್ಲಿ ಓದಿದವರು ತೀರವಿದ್ಯುತ್ ಎಂದರೆ ಅಲೆಯಿಂದ ತೆಗೆದ ಕರೆಂಟು ಎಂದುಕೊಂಡಾರು. ಹಡಗು ನಿಲ್ಲುವ ಕಟ್ಟೆಗೆ ಕರಾವಳಿಯವರು ಹೇಳುವ 'ಧಕ್ಕೆ' ಚೆಂದದ ಪದ, ಆದರೆ 'ಧಕ್ಕೆಯ ವಿದ್ಯುತ್' ಎಂದರೆ ಉಳಿದವರು ಯಾರಿಗೋ ಶಾಕ್ ಹೊಡೆದಿದೆ ಎಂದು ಗಾಬರಿಯಾದಾರು! ಸದ್ಯ 'ದಡದ ವಿದ್ಯುತ್' ಎಂದಿಟ್ಟುಕೊಂಡಿದ್ದೇನೆ; ಷಷ್ಠಿ ವಿಭಕ್ತಿ ಇರುವುದರಿಂದ ಗೊಂದಲ ಕಡಿಮೆ. ಇದಕ್ಕೇ 'ಕೋಲ್ಡ್ ಐರನಿಂಗ್' ಎಂಬ ಇನ್ನೊಂದು ಹೆಸರಿದೆ. ಕಲ್ಲಿದ್ದಲಿನ ಹಡಗುಗಳ ಕಾಲದಲ್ಲಿ ಒಲೆ ಆರಿದ ಮೇಲೆ ಕಬ್ಬಿಣದ ಎಂಜಿನ್ ತಣ್ಣಗಾಗುತ್ತಿದ್ದುದರಿಂದ ಬಂದ ಮಾತಂತೆ. ಪದಕ್ಕೆ ಪದ ಇಟ್ಟರೆ 'ತಣ್ಣನೆಯ ಇಸ್ತ್ರಿ' ಆಗಿಬಿಡುತ್ತದೆ, ಅದನ್ನು ಕೈಬಿಟ್ಟಿದ್ದೇನೆ.

ಇನ್ನು 'ವಿದ್ಯುದೀಕರಣ'. ಗ್ರಾಮ ವಿದ್ಯುದೀಕರಣ ಎಂದರೆ ಇಲ್ಲದಲ್ಲಿಗೆ ಕರೆಂಟು ತರುವುದು. ರೈಲು ಮಾರ್ಗದ ವಿದ್ಯುದೀಕರಣ ಎಂದರೆ ಡೀಸೆಲ್ ಹೋಗಿ ಕರೆಂಟು ಬರುವುದು. ಬಂದರಿನದು ಎರಡನೆಯ ಬಗೆ, ಆದರೆ 'ಬಂದರಿನ ವಿದ್ಯುದೀಕರಣ' ಎಂದಾಗ ಕಿವಿಗೆ ಬೀಳುವುದು ಮೊದಲನೆಯದೇ. ಹಡಗಿನಿಂದ ಕಂಟೇನರ್ ಇಳಿಸುವ ದೈತ್ಯ ಕ್ರೇನ್‌ಗಳು ಬಹುತೇಕ ಕಡೆ ಮೊದಲಿಂದಲೂ ಕರೆಂಟಿನವೇ. ಬದಲಾಗಬೇಕಾದದ್ದು ಅಂಗಳದಲ್ಲಿ ಓಡಾಡುವ ಟೈರ್ ಕ್ರೇನ್ ಮತ್ತು ಟ್ರ್ಯಾಕ್ಟರ್‌ಗಳು. ಡೀಸೆಲ್ ಜನರೇಟರ್ ಹೊತ್ತ ಟೈರ್ ಕ್ರೇನ್ ಕಂಟೇನರನ್ನು ಕೆಳಗಿಳಿಸುವಾಗ ಅದರ ಮೋಟಾರೇ ಕರೆಂಟು ಹುಟ್ಟಿಸುತ್ತದೆ. ಬ್ಯಾಟರಿ ಇಲ್ಲದಿದ್ದರೆ ಅದು ರೆಸಿಸ್ಟರಿನಲ್ಲಿ ಕಾದು ವ್ಯರ್ಥ. ಅದೇ ಕ್ರೇನಿಗೆ ಕೇಬಲ್ ಜೋಡಿಸಿದರೆ, ಮೋಟಾರನ್ನು ನಿಯಂತ್ರಿಸುವ ತಕ್ಕ ಸಾಧನ (ಡ್ರೈವ್) ಇದ್ದಲ್ಲಿ, ಆ ಕರೆಂಟು ತಂತಿಗೆ ವಾಪಸು ಹೋಗುತ್ತದೆ. ಇಷ್ಟೆಲ್ಲವನ್ನು ಹೇಳುವ ಕಡೆ 'ಯಂತ್ರಗಳ ವಿದ್ಯುದೀಕರಣ' ಸಾಕೇ, ಇಲ್ಲ 'ಡೀಸೆಲ್ ಬಿಟ್ಟು ವಿದ್ಯುತ್ತಿಗೆ' ಎಂದು ಬಿಡಿಸಿಯೇ ಬರೆಯಬೇಕೇ?

'ನವೀಕರಿಸಬಹುದಾದ ಇಂಧನ' ಪತ್ರಿಕೆಗಳಲ್ಲಿ ಬೇರೂರಿದೆ, ಆದರೂ ನನಗೆ ಕಸಿವಿಸಿ. 'ಇಂಧ್' ಧಾತುವಿಗೆ ಉರಿಸು ಎಂದೇ ಅರ್ಥ. ಗಾಳಿ, ಬಿಸಿಲುಗಳಲ್ಲಿ ಉರಿಯುವುದೇನಿದೆ? 'ಶಕ್ತಿ' ವಾಸಿ.

ಕೊನೆಗೊಂದು ಸಣ್ಣ ಸಂಶಯ. ಗ್ರಿಡ್ಡಿನ ಕರೆಂಟು ಕಲ್ಲಿದ್ದಲಿನದಾದರೆ ಬಂದರಿನ ಹೊಗೆ ಸ್ಥಾವರದ ಚಿಮಣಿಗೆ ವರ್ಗವಾಗುತ್ತದೆ ಅಷ್ಟೆ. ಚೀನಾದ ಟಿಯಾಂಜಿನ್ ಬಂದರಿನಲ್ಲಿ 2021ರಲ್ಲಿ ಶುರುವಾದ ಟರ್ಮಿನಲ್‌ನಂತೆ ಗಾಳಿ, ಬಿಸಿಲುಗಳ ಕರೆಂಟನ್ನೇ ನೆಚ್ಚಿದರೆ ಮಾತು ಬೇರೆ. ಮೊದಲನೆಯದಕ್ಕೆ 'ಹೊಗೆರಹಿತ', ಎರಡನೆಯದಕ್ಕೆ 'ಇಂಗಾಲರಹಿತ' ಎಂದು ಬೇರ್ಪಡಿಸಿ ಬಳಸಿದರೆ ಓದುಗರಿಗೆ ವ್ಯತ್ಯಾಸ ತಿಳಿದೀತೇ?